ಬಟ್ಟೆ ಪ್ಯಾಡೋ, ಕಪ್ಪೋ? ಮೊದಲು ನಿಮ್ಮ ಬಚ್ಚಲುಮನೆ ನೋಡಿ

ಮುಟ್ಟಿನ ದಿನಗಳಿಗೆ ಅಂಗಡಿ ಪ್ಯಾಡ್ ಬಿಟ್ಟು, ತೊಳೆದು ಬಳಸುವ ಬಟ್ಟೆ ಪ್ಯಾಡಿಗೋ ಮುಟ್ಟಿನ ಕಪ್ಪಿಗೋ (ಯೋನಿಯೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಪುಟ್ಟ ಬಟ್ಟಲು) ಬರಬೇಕೆಂದುಕೊಂಡವರು ಮೊದಲು ವಿಚಾರಿಸುವುದು ಬ್ರ್ಯಾಂಡ್ ಯಾವುದು ಒಳ್ಳೆಯದು ಎಂದು. ಅದನ್ನು ಕೊನೆಗಿಟ್ಟುಕೊಳ್ಳಿ. ಮನೆಯಲ್ಲಿ ನೀರಿನ ಸ್ಥಿತಿ ಹೇಗಿದೆ, ಬಿಸಿಲು ಎಲ್ಲಿ ಬೀಳುತ್ತದೆ, ಕೆಲಸದ ಜಾಗದಲ್ಲಿ ಚಿಲಕವಿರುವ ಶೌಚಾಲಯ ಇದೆಯೇ ಎಂಬುದನ್ನು ನೋಡಿದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಟ್ಯಾಂಕರ್ ನೀರಿಗೆ ಕಾಯುವ ಮನೆ, ಹತ್ತು ಜನ ಹಂಚಿಕೊಳ್ಳುವ ಹಾಸ್ಟೆಲ್ ಬಾತ್‌ರೂಮ್, ಪ್ಯಾಡ್ ಒಣಹಾಕಲು ಜಾಗವೇ ಇಲ್ಲದ ಪಿ.ಜಿ. ಇಂಥ ಕಡೆ ಕಪ್ ಸುಲಭ. ಒಂದು ಸಲ ತೊಳೆಯಲು ಒಂದು ಮಗ್ ನೀರು ಸಾಕು, ಒಣಗಿಸುವ ತಾಪತ್ರಯವೂ ಇಲ್ಲ. ಬಾವಿಯೋ ನಲ್ಲಿಯೋ ಇದ್ದು ಅಂಗಳದಲ್ಲಿ ಬಿಸಿಲು ಬೀಳುವ ಮನೆಯಾದರೆ, ಒಳಗೆ ಏನನ್ನೂ ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ, ಬಟ್ಟೆ ಪ್ಯಾಡ್ ಸರಿ. ಬಹಳ ಜನ ಕೊನೆಗೆ ನಿಲ್ಲುವುದು ಎರಡರ ನಡುವೆ: ಹೆಚ್ಚು ಹೋಗುವ ದಿನ ಕಪ್, ಕೊನೆಯ ದಿನಗಳಿಗೆ ತೆಳು ಬಟ್ಟೆ ಪ್ಯಾಡ್.

ಮನೆಯಲ್ಲಿರುವ ಅಂಗಡಿ ಪ್ಯಾಡ್‌ಗಳನ್ನು ಎಸೆಯಬೇಡಿ. ಮೊದಲ ತಿಂಗಳು ರಾತ್ರಿ ಹೊತ್ತು ಮತ್ತು ರಜೆಯ ದಿನ ಮಾತ್ರ ಹೊಸದನ್ನು ಬಳಸಿ. ಎರಡನೆಯ ತಿಂಗಳು ಕಡಿಮೆ ಹೋಗುವ ದಿನಗಳಲ್ಲಿ ಹೊರಗೂ ಬಳಸಿ ನೋಡಿ. ಎರಡನೆಯ ದಿನದ ಜೋರು ಹರಿವು, ಬಸ್ ಪ್ರಯಾಣ, ಪರೀಕ್ಷೆ, ಮದುವೆಮನೆ ಇವೆಲ್ಲ ಮೂರನೆಯ ತಿಂಗಳಿಗಿರಲಿ.

ಬಟ್ಟೆ ಪ್ಯಾಡ್: ಕೊಳ್ಳುವುದು, ಹೊಲಿಯುವುದು

ಹಳೆ ಪಂಚೆ ಮಡಿಸಿ ಇಟ್ಟುಕೊಳ್ಳುವುದಕ್ಕೂ ಈಗಿನ ಬಟ್ಟೆ ಪ್ಯಾಡಿಗೂ ಇರುವ ವ್ಯತ್ಯಾಸ ಮೂರು ಪದರದ್ದು. ಮೈಗೆ ತಾಗುವ ಮೇಲ್ಪದರ ಹತ್ತಿ ಫ್ಲಾನೆಲ್. ನಡುವೆ ಹೀರುವ ತಿರುಳು, ನಾಲ್ಕರಿಂದ ಎಂಟು ಪದರ ಹತ್ತಿ ಬಟ್ಟೆ. ಅಡಿಯಲ್ಲಿ ಸೋರದಂತೆ ತಡೆಯುವ ಪಿಯುಎಲ್ ಬಟ್ಟೆ, ಅಂದರೆ ಒಂದು ಮಗ್ಗುಲಿಗೆ ತೆಳುವಾದ ಪಾಲಿಯುರೆಥೇನ್ ಪೊರೆ ಅಂಟಿಸಿದ ಬಟ್ಟೆ. ಎರಡು ಬದಿಗೆ ರೆಕ್ಕೆ, ರೆಕ್ಕೆಗೆ ಟಿಚ್ ಬಟನ್. ಕೊಳ್ಳುವಾಗ ತೊಳೆದು ಬಳಸುವ ಪ್ಯಾಡ್‌ಗಳಿಗೆಂದೇ ಇರುವ ಭಾರತೀಯ ಮಾನದಂಡ ಐಎಸ್ 17514 ಅನ್ನು ಪೊಟ್ಟಣದ ಮೇಲೆ ಹುಡುಕಬಹುದು. ಅದಿಲ್ಲದಿದ್ದರೂ ಮೇಲ್ಪದರ ಹತ್ತಿಯದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮೆತ್ತಗೆ ರೇಷ್ಮೆಯಂತಿರುವ ಪಾಲಿಯೆಸ್ಟರ್ ನಮ್ಮ ಬೇಸಿಗೆಯಲ್ಲಿ ಬೆವರಿ ತೊಡೆಸಂದು ಕೆರಳಿಸುತ್ತದೆ.

ಎಷ್ಟು ಬೇಕು? ತೊಳೆದದ್ದು ಮರುದಿನ ಸಂಜೆಯೊಳಗೆ ಒಣಗುವುದಾದರೆ ದಿನದ ಬಳಕೆಗೆ 25 ಸೆಂ.ಮೀ. ಉದ್ದದ್ದು ಆರು, ರಾತ್ರಿಗೆ 30 ಸೆಂ.ಮೀ. ದಾಟಿದ್ದು ಎರಡು. ಮಳೆಗಾಲಕ್ಕೆ ಒಟ್ಟು ಹನ್ನೆರಡಾದರೂ ಬೇಕು. ಮೊದಲೇ ಅಷ್ಟನ್ನೂ ಕೊಳ್ಳದೆ ಬೇರೆ ಬೇರೆ ಅಳತೆಯ ಮೂರು ತಂದು ಒಂದು ತಿಂಗಳು ನೋಡಿ, ಆಮೇಲೆ ಉಳಿದವು.

ಹೊಲಿಗೆ ಮಿಷನ್ ಇದ್ದರೆ ಮನೆಯಲ್ಲೇ ಆಗುತ್ತದೆ. ಬಟ್ಟೆಯನ್ನು ಕತ್ತರಿಸುವ ಮುಂಚೆ ಬಿಸಿನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಹತ್ತಿ ಕುಗ್ಗಿ ಪ್ಯಾಡ್ ದೋಣಿಯಂತೆ ಬಾಗುತ್ತದೆ. ತಿರುಳಿಗೆ ಹಳೆ ಟರ್ಕಿ ಟವೆಲ್ಲಿನ ಎರಡು ಪದರ, ಅದರ ಮೇಲೆ ಕೆಳಗೆ ಒಂದೊಂದು ಫ್ಲಾನೆಲ್, 22 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ಇದನ್ನು ಮೇಲ್ಪದರದ ಒಳಮಗ್ಗುಲಿಗೆ ಮಾತ್ರ ಹೊಲಿಯಿರಿ. ನಂತರ ಮೇಲ್ಪದರ ಮತ್ತು ಪಿಯುಎಲ್‌ನ ಹೊರಮುಖಗಳನ್ನು ಒಂದಕ್ಕೊಂದು ತಾಗಿಸಿಟ್ಟು, 5 ಸೆಂ.ಮೀ. ಬಾಯಿ ಬಿಟ್ಟು, ಸುತ್ತ ಹೊಲಿದು, ಆ ಬಾಯಿಂದ ತಿರುವಿ, ಅಂಚಿಗೆ ಇನ್ನೊಂದು ಹೊಲಿಗೆ ಹಾಕಿ. ರೆಕ್ಕೆ ಸೇರಿ ಅಗಲ ಸುಮಾರು 20 ಸೆಂ.ಮೀ. ಬರಲಿ.

ಇಲ್ಲಿ ಕೆಡುವುದು ಎರಡು ಕಡೆ. ಪಿಯುಎಲ್‌ಗೆ ಗುಂಡುಸೂಜಿ ಚುಚ್ಚಿದರೆ ಆ ತೂತಿನಿಂದಲೇ ಸೋರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಿಡಿದುಕೊಳ್ಳಿ. ಅಂದಕ್ಕೆಂದು ನಡುಮಧ್ಯೆ ಪಿಯುಎಲ್ ಸೇರಿಸಿ ಗೆರೆ ಹೊಲಿದರೂ ಅದೇ ಗತಿ. ಹತ್ತಿ ದಾರ ರಕ್ತವನ್ನು ಎಳೆದು ಆಚೆ ದಾಟಿಸುತ್ತದೆ, ಹಾಗಾಗಿ ಪಾಲಿಯೆಸ್ಟರ್ ದಾರ ಬಳಸಿ.

ಹೊಸ ಪ್ಯಾಡ್ ಮೊದಲ ದಿನವೇ ಸೋರಿದರೆ ಬೈಯಬೇಡಿ. ಹೊಸ ಹತ್ತಿಗೆ ಮೇಣದ ಅಂಶ, ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಬಳಕೆಗೆ ಮೊದಲು ಎರಡು ಮೂರು ಸಲ ತೊಳೆದು ಒಣಗಿಸಿ. ಒಂದು ಹನಿ ನೀರು ಹಾಕಿ ನೋಡಿ: ಮೇಲೆ ಉರುಳಿದರೆ ಇನ್ನೊಮ್ಮೆ ತೊಳೆಯಬೇಕು, ಇಂಗಿದರೆ ತಯಾರು.

ತೊಳೆಯುವುದು

ಬಿಚ್ಚಿದ ಕೂಡಲೇ ತಣ್ಣೀರಿನ ನಲ್ಲಿಯಡಿ ಹಿಡಿದು, ನೀರು ತಿಳಿಯಾಗುವವರೆಗೆ ಹಿಂಡಿ. ಬಿಸಿನೀರು ಮೊದಲು ತಾಗಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ನಂತರ ತಣ್ಣೀರಿಗೆ ಚಿಟಿಕೆ ಸೋಪಿನಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಬಟ್ಟೆಸೋಪು ಹಚ್ಚಿ ಕೈಯಲ್ಲಿ ಉಜ್ಜಿ, ನೊರೆ ಪೂರ್ತಿ ಹೋಗುವಂತೆ ಜಾಲಿಸಿ. ರಾತ್ರಿಯಿಡೀ, ಮರುದಿನವಿಡೀ ನೆನೆಯಲು ಬಿಟ್ಟರೆ ನೀರು ನಾರುತ್ತದೆ, ಆ ವಾಸನೆ ತಿರುಳಿನಲ್ಲಿ ಕೂರುತ್ತದೆ. ಮಿಷನ್‌ಗೂ ಹಾಕಬಹುದು, ಆದರೆ ಮೊದಲ ತಣ್ಣೀರಿನ ಹಿಂಡು ಕೈಯಲ್ಲೇ ಆಗಬೇಕು.

ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡಿಷನರ್ ಬೇಡವೇ ಬೇಡ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಟ್ಟು ಹೀರುವ ಗುಣ ಕೆಡಿಸುತ್ತದೆ. ಬ್ಲೀಚ್ ಪಿಯುಎಲ್ ಪೊರೆಯನ್ನು ತಿನ್ನುತ್ತದೆ. ಡೆಟ್ಟಾಲ್ ಬೇಕಿಲ್ಲ, ಸೋಪು, ಬಿಸಿಲು ಸಾಕು, ಅದರ ಅಂಶ ಬಟ್ಟೆಯಲ್ಲಿ ಉಳಿದರೆ ಚರ್ಮ ಉರಿಯುತ್ತದೆ. ಉಳಿದ ಕಲೆಗೆ ಒದ್ದೆ ಪ್ಯಾಡಿನ ಮೇಲೆ ನಿಂಬೆರಸ, ಉಪ್ಪು ಉಜ್ಜಿ ಬಿಸಿಲಿಗಿಟ್ಟು ಆಮೇಲೆ ಜಾಲಿಸಿ. ಸ್ವಲ್ಪ ಕಲೆ ಉಳಿದರೂ ಅದು ಕೊಳೆಯಲ್ಲ.

ಒಣಗಿಸುವುದರಲ್ಲಿಯೇ ಹೆಚ್ಚು ಜನ ಸೋಲುತ್ತಾರೆ. ಲಂಗದ ಕೆಳಗೆ, ಬಾಗಿಲ ಹಿಂದೆ, ಮಂಚದಡಿ ಬಚ್ಚಿಟ್ಟು ಒಣಗಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗೆ ಅರೆ ಒಣಗಿದ ಪ್ಯಾಡಿನಲ್ಲಿ ಬೂಷ್ಟು ಬೆಳೆಯುತ್ತದೆ, ತುರಿಕೆ, ಫಂಗಸ್ ಸೋಂಕು ಬರುವುದು ಅಲ್ಲಿಂದ. ಬಟ್ಟೆ ಪ್ಯಾಡ್ ಗಲೀಜು ಎಂಬ ಹೆಸರು ಬಂದದ್ದೂ ಈ ಬಚ್ಚಿಡುವಿಕೆಯಿಂದಲೇ. ತಂತಿಯ ಮೇಲೆ ಎಲ್ಲ ಬಟ್ಟೆಯಂತೆ ಇದನ್ನೂ ಹಾಕಿ. ತೀರ ಸಂಕೋಚವಾದರೆ ತೆಳುವಾದ ಮಲ್ ಬಟ್ಟೆ ಹೊದಿಸಿ, ಗಾಳಿ ಬಿಸಿಲು ಎರಡೂ ತೂರುತ್ತವೆ. ಹತ್ತಿಯ ಮುಖ ಬಿಸಿಲಿಗಿರಲಿ.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತು ನಡೆಯುವುದಿಲ್ಲ. ಅಲ್ಲಿಗೆ ತಿರುಳು ಒಳಗೆ ಹೊಲಿದ ದಪ್ಪ ಪ್ಯಾಡ್ ತರಲೇಬೇಡಿ. ಬಿಡಿಸಿದರೆ ಒಂದೇ ಪದರವಾಗುವ ಮಡಿಕೆ ಪ್ಯಾಡ್, ಅಥವಾ ತಿರುಳು ಬೇರೆ ಕವಚ ಬೇರೆ ಇರುವುದು ನೋಡಿ. ತೊಳೆದದ್ದನ್ನು ಒಣ ಟವೆಲ್ಲಿನೊಳಗೆ ಸುತ್ತಿ ಒತ್ತಿ ನೀರು ತೆಗೆದು, ಫ್ಯಾನಡಿ ಹಾಕಿ, ಕೊನೆಗೆ ಹತ್ತಿಯ ಕಡೆಯಿಂದ ಮಾತ್ರ ಇಸ್ತ್ರಿ ಮಾಡಿ. ಬಚ್ಚಲೊಲೆಯ ಮೇಲಿನ ಗಳಕ್ಕೆ ಹತ್ತಿಯ ತಿರುಳನ್ನು ಹಾಕಬಹುದು. ಪಿಯುಎಲ್ ಇರುವುದನ್ನು ಒಲೆಯ ಹತ್ತಿರ ಒಯ್ಯಬೇಡಿ, ಪೊರೆ ಸುಲಿದು ಬರುತ್ತದೆ.

ಹಾಕಿಕೊಂಡ ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ, ಒದ್ದೆ ಅನಿಸಿದರೆ ಅದಕ್ಕೂ ಮುಂಚೆ. ಹೊರಗಿದ್ದಾಗ ಬಿಚ್ಚಿದ್ದನ್ನು ಒಳಮುಖವಾಗಿ ಮಡಿಸಿ, ರೆಕ್ಕೆಯ ಬಟನ್ ಹಾಕಿ, ಜಿಪ್ ಇರುವ ವಾಟರ್‌ಪ್ರೂಫ್ ಚೀಲದಲ್ಲಿಡಿ. ಮನೆಗೆ ಬಂದ ತಕ್ಷಣ ನೀರಿಗೆ ಹಾಕಿ.

ಕಪ್: ಅಳತೆ ಮೊದಲು, ಹಣ ಆಮೇಲೆ

ಕಪ್ ಎಂದರೆ ಮೆಡಿಕಲ್ ಗ್ರೇಡ್ ಸಿಲಿಕೋನ್‌ನ ಪುಟ್ಟ ಬಟ್ಟಲು, ಹೆಚ್ಚಿನವು 15ರಿಂದ 35 ಮಿ.ಲೀ. ಹಿಡಿಯುತ್ತವೆ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿ.ಲೀ. ಆಸುಪಾಸು ಎಂಬುದನ್ನು ನೆನಪಿಟ್ಟರೆ, ಕಪ್ ತುಂಬಿ ಹರಿಯುತ್ತದೆ ಎಂಬ ಭಯ ಕಡಿಮೆಯಾಗುತ್ತದೆ. ತಿಂಗಳಿಗೆ 15 ಅಂಗಡಿ ಪ್ಯಾಡ್, ಒಂದಕ್ಕೆ 8 ರೂಪಾಯಿಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 1,440 ರೂಪಾಯಿ. ಸಾಧಾರಣ ಕಪ್ ಇದಕ್ಕಿಂತ ಅಗ್ಗ, ಜೋಪಾನ ಮಾಡಿದರೆ ಹಲವು ವರ್ಷ ಬರುತ್ತದೆ.

ಹೆರಿಗೆಯಾಗದವರಿಗೆ ಸಣ್ಣದು, ಆದವರಿಗೆ ದೊಡ್ಡದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಅರ್ಧ ಮಾತ್ರ ನಿಜ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಷ್ಟು ಎತ್ತರದಲ್ಲಿದೆ ಎಂಬುದೇ ಮುಖ್ಯ. ಮುಟ್ಟಿನ ಮೊದಲ ಅಥವಾ ಎರಡನೆಯ ದಿನ, ಅದು ಕೆಳಗೆ ಇಳಿದಿರುವಾಗ, ಉಗುರು ಕತ್ತರಿಸಿ ಕೈ ತೊಳೆದು ಕುಕ್ಕರಗಾಲಲ್ಲಿ ಕೂತು ತೋರುಬೆರಳು ಒಳಗೆ ಹಾಕಿ. ತುದಿಗೆ ದುಂಡಗೆ, ಸ್ವಲ್ಪ ಗಟ್ಟಿಯಾಗಿ ತಾಗುವುದೇ ಗರ್ಭಕಂಠ. ಬೆರಳಿನ ಮೊದಲ ಗೆಣ್ಣಿನೊಳಗೆ ಸಿಕ್ಕರೆ ಅದು ತಗ್ಗಿನಲ್ಲಿದೆ, ಗಿಡ್ಡ ಕಪ್ ಬೇಕು. ಎರಡನೆಯ ಗೆಣ್ಣಿನಲ್ಲಿ ಸಿಕ್ಕರೆ ಮಾಮೂಲಿ ಅಳತೆ ಆಗುತ್ತದೆ. ಬೆರಳು ಪೂರ್ತಿ ಹೋದರೂ ಸಿಗದಿದ್ದರೆ ಉದ್ದ ಕಪ್ ಕೊಳ್ಳಿ. ಗಿಡ್ಡದ್ದು ಮೇಲೆ ಹೋಗಿ ಕೈಗೆ ಸಿಗದೆ ಗಾಬರಿಯಾಗುತ್ತದೆ.

ಮುಟ್ಟಿಲ್ಲದ ದಿನ ಅಭ್ಯಾಸ ಮಾಡಬೇಡಿ. ಒಳಗೆ ಒಣಗಿರುತ್ತದೆ, ನೋಯುತ್ತದೆ, ಆ ನೋವಿಗೇ ಎಷ್ಟೋ ಜನ ಕಪ್ ಬಿಡುತ್ತಾರೆ. ಎರಡನೆಯ ದಿನ, ಮನೆಯಲ್ಲಿ, ಅವಸರವಿಲ್ಲದಾಗ ಶುರುಮಾಡಿ. ಅಡಿಗೆ ತೆಳು ಬಟ್ಟೆ ಪ್ಯಾಡ್ ಇರಲಿ.

ಹಾಕಿಕೊಳ್ಳುವ ಕ್ರಮ ಹೀಗೆ. ಕೈ ಸೋಪಿನಲ್ಲಿ ತೊಳೆದು, ಕಪ್ಪನ್ನು ನೀರಲ್ಲಿ ಒದ್ದೆ ಮಾಡಿ. ಅಂಚಿನ ಒಂದು ಜಾಗವನ್ನು ಬೆರಳಿಂದ ಬಟ್ಟಲಿನೊಳಕ್ಕೆ ಒತ್ತಿ ಹಿಡಿದರೆ ತುದಿ ಮೊನಚಾಗುತ್ತದೆ. ಹೊಸಬರಿಗೆ ಈ ಮಡಿಕೆಯೇ ಸುಲಭ. ಕುಕ್ಕರಗಾಲಲ್ಲಿ ಕೂತು, ಅಥವಾ ಒಂದು ಕಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟು, ಉಸಿರು ಬಿಡುತ್ತಾ ಬೆನ್ನಿನ ಕಡೆಗೆ ಓರೆಯಾಗಿ ತಳ್ಳಿ. ನೇರ ಮೇಲಕ್ಕೆ ತಳ್ಳಿದರೆ ಹೋಗುವುದಿಲ್ಲ, ಯೋನಿಯ ದಾರಿಯೇ ಹಿಂದಕ್ಕೆ ವಾಲಿದೆ. ಕೈ ಬಿಟ್ಟಾಗ ಕಪ್ ಒಳಗೆ ಬಿಚ್ಚಿಕೊಳ್ಳುತ್ತದೆ. ಬೆರಳಿಂದ ಬುಡದ ಸುತ್ತ ಸವರಿ: ಎಲ್ಲಾದರೂ ತಗ್ಗು ಸಿಕ್ಕರೆ ಮಡಿಕೆ ಬಿಚ್ಚಿಲ್ಲ, ಬುಡ ಹಿಡಿದು ಸ್ವಲ್ಪ ತಿರುಗಿಸಿ. ಬುಡಕ್ಕಿರುವ ಬಾಲ ಚುಚ್ಚುತ್ತಿದ್ದರೆ ಕಪ್ ಹೊರತೆಗೆದು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಒಳಗಿದ್ದಾಗ ಕತ್ತರಿ ಹತ್ತಿರ ಬೇಡ.

ಸೋರಿಕೆಗೆ ಕಾರಣ ಹೆಚ್ಚಾಗಿ ಇಷ್ಟೇ: ಕಪ್ ಪೂರ್ತಿ ಬಿಚ್ಚಿಲ್ಲ, ಗರ್ಭಕಂಠದ ಪಕ್ಕಕ್ಕೆ ಕೂತಿದೆ, ಅಂಚಿನ ಗಾಳಿಯ ತೂತುಗಳು ಕಟ್ಟಿವೆ, ಅಥವಾ ತುಂಬಿದೆ. ಹಾಕಿದ ಕೂಡಲೇ ಒಂದೆರಡು ಹನಿ ಬಂದರೆ ಅದು ಗೋಡೆಗೆ ಅಂಟಿದ್ದ ಹಳೆಯ ರಕ್ತ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಸಮೀಕ್ಷೆ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಪ್‌ನ ಸೋರಿಕೆ ಪ್ಯಾಡ್ ಮತ್ತು ಟ್ಯಾಂಪನ್ (ಯೋನಿಯೊಳಗಿಡುವ, ರಕ್ತ ಹೀರುವ ಹತ್ತಿಯ ಸುರುಳಿ) ಇವುಗಳಷ್ಟೇ ಅಥವಾ ಅವುಗಳಿಗಿಂತ ಕಡಿಮೆ ಎಂದಿತು. ಕೈ ಪಳಗಲು ಕೆಲವು ತಿಂಗಳು ಹಿಡಿಯುತ್ತದೆ ಎಂದೂ ಹೇಳಿತು.

ತೆಗೆಯುವಾಗ ಬಾಲ ಹಿಡಿದು ಎಳೆಯಬೇಡಿ. ಕುಕ್ಕರಗಾಲಲ್ಲಿ ಕೂತು ಮಲವಿಸರ್ಜನೆಗೆ ಮುಕ್ಕುವಂತೆ ಸ್ವಲ್ಪ ಮುಕ್ಕಿದರೆ ಬುಡ ಕೈಗೆ ಬರುತ್ತದೆ. ಬುಡ ಹಿಚುಕಿ, ಒಳಗಿನ ಹಿಡಿತ ಬಿಟ್ಟಮೇಲೆ, ಒಂದು ಅಂಚನ್ನು ಮೊದಲು ವಾಲಿಸಿ ಹೊರತೆಗೆಯಿರಿ. ಸಿಗದಿದ್ದರೆ ಎದ್ದು ಓಡಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಮೇಲ್ಗಡೆ ಗರ್ಭಕಂಠ ಇರುವುದರಿಂದ ಕಪ್ ಹೊಟ್ಟೆಯೊಳಗೆ ಹೋಗಿ ಕಳೆದುಹೋಗುವುದು ಸಾಧ್ಯವೇ ಇಲ್ಲ. ಕಪ್ ಹಾಕಿ 12 ಗಂಟೆ ಮೀರುವಂತಿದ್ದರೆ ಮಾತ್ರ ಲೇಡಿ ಡಾಕ್ಟರ್ ಹತ್ತಿರ ಹೋಗಿ.

ಚೆಲ್ಲಿ, ಮೊದಲು ತಣ್ಣೀರು, ಆಮೇಲೆ ವಾಸನೆಯಿಲ್ಲದ ಸೌಮ್ಯ ಸೋಪಿನಲ್ಲಿ ತೊಳೆದು ಮತ್ತೆ ಹಾಕಿ. ಬಸ್‌ಸ್ಟ್ಯಾಂಡ್ ಶೌಚಾಲಯದಲ್ಲಾದರೆ ಕುಡಿಯುವ ನೀರಿನ ಬಾಟಲಿಯಿಂದ ಜಾಲಿಸಿದರೆ ಸಾಕು. ಪ್ರತಿ ತಿಂಗಳು ಶುರುವಿಗೆ ಮತ್ತು ಕೊನೆಗೆ, ಇದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಕಪ್ ಮುಳುಗುವಷ್ಟು ನೀರಲ್ಲಿ ಐದು ನಿಮಿಷ ಕುದಿಸಿ. ನೀರು ಆರಿದರೆ ತಳಕ್ಕೆ ತಾಗಿ ಸುಡುತ್ತದೆ. ಸ್ಟೀಲ್ ಟೀ ಸೋಸಣಿಗೆಯಲ್ಲಿಟ್ಟು ಕುದಿಸಿದರೆ ಆ ಭಯವಿಲ್ಲ. ಬೋರ್‌ವೆಲ್‌ನ ಗಡಸು ನೀರು ಬಿಳಿ ಪದರ ಬಿಡುತ್ತದೆ, ಫಿಲ್ಟರ್ ನೀರು ಬಳಸಿ. ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಡ.

ಯಾರು ನಿಧಾನಿಸಬೇಕು

ಕಾಪರ್-ಟಿ ಹಾಕಿಸಿಕೊಂಡವರು ಮೊದಲು ವೈದ್ಯರನ್ನು ಕೇಳಿ: ಹಿಡಿತ ಬಿಡಿಸದೆ ಕಪ್ ಎಳೆದರೆ ಅದೂ ಜಾರಿ ಬರಬಹುದು. ಹೆರಿಗೆ, ಗರ್ಭಪಾತದ ನಂತರ ವೈದ್ಯರು ಸರಿ ಎನ್ನುವವರೆಗೆ, ಯೋನಿಯಲ್ಲಿ ಸೋಂಕಿದ್ದರೆ ಅದು ವಾಸಿಯಾಗುವವರೆಗೆ, ಗರ್ಭಕೋಶ ಜಾರಿರುವವರು ಯಾವಾಗಲೂ ಕಪ್ ಬಿಟ್ಟು ಪ್ಯಾಡನ್ನೇ ಬಳಸಲಿ. ಕಪ್ ಹಾಕಿದಾಗ ದಿಢೀರ್ ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು ಕಂಡರೆ ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಿ. ಇದು ಟಾಕ್ಸಿಕ್ ಶಾಕ್ ಇರಬಹುದು, ಅಂದರೆ ಬ್ಯಾಕ್ಟೀರಿಯಾದ ವಿಷ ಮೈಗೇರುವ ಕಾಯಿಲೆ. ಅಪರೂಪ, ಆದರೆ ಕಾಯುವಂಥದ್ದಲ್ಲ.

ಮದುವೆಯಾಗದವರು ಬಳಸಬಹುದೇ ಎಂಬುದು ಮನೆಗಳಲ್ಲಿ ಏಳುವ ಪ್ರಶ್ನೆ. ಬಳಸಬಹುದು. ಕನ್ಯಾಪೊರೆ ಹಿಗ್ಗುವ ಅಂಗಾಂಶ, ಕೆಲವರಲ್ಲಿ ಕಪ್‌ನಿಂದ ಅದು ಹಿಗ್ಗಲೂಬಹುದು. ಕನ್ಯತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ರಾಜ್ಯದ ಆರೋಗ್ಯ ಇಲಾಖೆಯೇ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಹದಿಹರೆಯದ ಹುಡುಗಿಯರಿಗೆ ಪ್ರಾಯೋಗಿಕವಾಗಿ ಕಪ್ ಕೊಟ್ಟಿದೆ.

ಅಳತೆ ಗೆರೆಯಿರುವ ಕಪ್ಪಿನಿಂದ ಇನ್ನೊಂದು ಲಾಭ: ಎಷ್ಟು ಹೋಗುತ್ತಿದೆ ಎಂದು ಬರೆದಿಡಬಹುದು. ಒಂದು ಮುಟ್ಟಿನಲ್ಲಿ 80 ಮಿ.ಲೀ. ದಾಟುತ್ತಿದ್ದರೆ ಆ ಚೀಟಿಯೊಂದಿಗೆ ವೈದ್ಯರ ಬಳಿ ಹೋಗಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಬಟ್ಟೆ ಪ್ಯಾಡ್ ಹಿಂಡಿದಾಗ ಪಿಯುಎಲ್ ಸುಲಿದಿದ್ದರೆ, ಒಣಗಿದ ಮೇಲೂ ವಾಸನೆ ಹೋಗದಿದ್ದರೆ ಅದರ ಆಯುಷ್ಯ ಮುಗಿಯಿತು. ಬಟನ್, ಪೊರೆ ಕತ್ತರಿಸಿ ತೆಗೆದು ಹತ್ತಿಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕಪ್ ಬಣ್ಣ ಮಾಸಿದರೆ ಚಿಂತೆಯಿಲ್ಲ. ಬಿರುಕು, ಅಂಟು, ಹಿಟ್ಟಿನಂಥ ಪುಡಿ ಕಂಡ ದಿನ ಬದಲಿಸಿ.