ಬೇಚರಾಕ್ ಊರಿನ ಒಕ್ಕಲು ನನಗೆ ಸಿಕ್ಕಿದ್ದು ಹೀಗೆ

ಗುಬ್ಬಿ ತಾಲ್ಲೂಕಿನ ಬೇಚರಾಕ್ ಗ್ರಾಮಗಳ, ಅಂದರೆ ದಾಖಲೆಯಲ್ಲಿ ಹೆಸರಿದ್ದೂ ಈಗ ಯಾರೂ ವಾಸವಿಲ್ಲದ ಊರುಗಳ, ಜನ ಎಲ್ಲಿಗೆ ಹೋದರು ಅಂತ ಹುಡುಕೋಕೆ ಹೊರಟಾಗ, ‘ದೀಪ ಹಚ್ಚೋರೇ ಇಲ್ಲದ ಊರಲ್ಲಿ ಯಾರನ್ನ ಕೇಳ್ತೀಯ?’ ಅಂದವರೇ ಹೆಚ್ಚು. ಏಳು ವರ್ಷ ಆಯಿತು. ಕೈಗೆತ್ತಿಕೊಂಡ 40 ಚಿಲ್ಲರೆ ಊರಲ್ಲಿ 26ರ ಒಕ್ಕಲು ಸಿಕ್ಕಿದ್ದಾರೆ. ಇಷ್ಟು ಮಾಡಿದವರನ್ನ ನಮ್ಮ ಕಡೆ ನಾನಂತೂ ಕಂಡಿಲ್ಲ.

ಮೊದಲ ಎರಡು ವರ್ಷ ದಂಡ. ಎಲ್ಲರ ಹಾಗೆ ಗ್ರಾಮನಕ್ಷೆ, ಆಕಾರಬಂದು (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ದಾಖಲೆ), ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರ ತುಮಕೂರು ಶಾಸನ ಸಂಪುಟ ಹಿಡಿದು ಓಡಾಡಿದೆ. ನಕಲಿಗೆ, ಪೆಟ್ರೋಲಿಗೆ 35,000 ರೂಪಾಯಿ ಆಗಿರಬೇಕು. ಒಂದು ಕಚೇರಿಯಲ್ಲಿ ದುಡ್ಡು ಕಟ್ಟಿಸಿಕೊಂಡು ಪಕ್ಕದ ಊರಿನ ನಕ್ಷೆ ಕೊಟ್ಟರು. ಮೂರು ಭಾನುವಾರ ಯಾರದೋ ಹೊಲ ಸುತ್ತಿದೆ. ಶಾಸನದಲ್ಲಿ ಊರು ಹುಟ್ಟಿದ್ದು ಸಿಗುತ್ತೆ: ಕೆರೆ ಕಟ್ಟಿಸಿದರು, ಗದ್ದೆ ಬಿಟ್ಟರು. ‘ಸಂದ್ರ’ ಅಂತ ಮುಗಿಯೋ ಹೆಸರುಗಳು ‘ಸಮುದ್ರ’ದಿಂದ ಬಂದದ್ದು, ಕೆರೆಯ ನೆನಪು. ಊರು ಹಾಳಾದದ್ದನ್ನ ಯಾರು ಕಲ್ಲಲ್ಲಿ ಕೊರೆಸುತ್ತಾರೆ?

ನಡುವೆ ಹಾಳೂರಿನ ಹುಣಸೆ ಮರಗಳ ಸುತ್ತಳತೆ ಹಿಡಿದು ವಯಸ್ಸು ಲೆಕ್ಕ ಹಾಕಿದೆ. ಒಂದೇ ತೋಪಿನ ಎರಡು ಮರಕ್ಕೆ ನೂರು ವರ್ಷ ವ್ಯತ್ಯಾಸ ಬಂತು, ಬಿಟ್ಟೆ. ಉಪಗ್ರಹ ಚಿತ್ರ ಮಾತ್ರ ಕೈಹಿಡಿಯಿತು. ಬೇಸಿಗೆಯಲ್ಲಿ ಉತ್ತ ಹೊಲದ ನಡುವೆ ಹಳೇ ಊರಿದ್ದ ಜಾಗದ ಬೂದಿಮಣ್ಣು ಬೇರೆ ಬಣ್ಣದಲ್ಲಿ ಕಾಣುತ್ತೆ.

ದಾರಿ ತೋರಿಸಿದ್ದು ಮನೆದೇವರು. ಊರು ಬಿಟ್ಟವರೂ ವರ್ಷಕ್ಕೊಂದು ಸಲ ಅಲ್ಲಿಗೆ ಬರುತ್ತಾರೆ. ಲಂಟಾನ ಸವರಿ ದಾರಿ ಮಾಡಿದ್ದ ಅಮ್ಮನ ಗುಡಿ ಮುಂದೆ ಎರಡು ಟ್ರ್ಯಾಕ್ಟರ್ ಜನ ಇಳಿದರು. ತಂಬಿಟ್ಟಿನ ಆರತಿ ಹಿಡಿದಿದ್ದ ಅಜ್ಜಿ, ‘ಯಾರ ಮಗನಪ್ಪ ನೀನು?’ ಅಂದರು. ‘ನಿಮ್ಮದು ಯಾವೂರಜ್ಜಿ?’ ಅಂದೆ. ‘ಇದೇ ಕಣಪ್ಪ ನಮ್ಮೂರು. ಕೆರೆ ಒಡೆದ ಮೇಲೆ ನಮ್ಮ ತಾತನ ತಾತ ಗಾಡಿ ಕಟ್ಕೊಂಡು ಹೋದ್ರಂತೆ.’ ಗುಡಿ ಹಿಂದೆ ಹೋಗಿ ನೋಡಿದರೆ ಕೆರೆಯ ಏರಿ ಸುಮಾರು 30 ಅಡಿ ಕಿತ್ತುಹೋಗಿದೆ. ಅದನ್ನೇ ಹಳ್ಳ ಅಂದುಕೊಂಡು ನಾಲ್ಕು ಸಲ ದಾಟಿದ್ದೆ.

ಊರು ಯಾಕೆ ಹಾಳಾಯಿತು ಅಂತ ಕೇಳಿದರೆ ಎಲ್ಲರೂ ಪ್ಲೇಗು ಅನ್ನುತ್ತಾರೆ. ಪ್ಲೇಗು ಮೈಸೂರು ಸೀಮೆಗೆ ಬಂದದ್ದು 1898ರಲ್ಲಿ. ತಲೆಮಾರು ಎಣಿಸಿದರೆ ನನಗೆ ಸಿಕ್ಕ ಹಲವು ಊರು 1876-78ರ ಬರದ ಹೊತ್ತಿಗೇ ಬರಿದಾಗಿದ್ದವು. ಸಂಸ್ಥಾನದಲ್ಲಿ 1871ಕ್ಕೆ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು.

ಹಬ್ಬದ ದಿನ ಮೊದಲು ಯಾರನ್ನ ಮಾತಾಡಿಸಬೇಕು ಅನ್ನೋದು ನನ್ನಲ್ಲೇ ಇರಲಿ, ಪೂಜಾರಪ್ಪನನ್ನಂತೂ ಅಲ್ಲ. ಉಳಿದ ಊರುಗಳಲ್ಲಿ ಮೂರಕ್ಕೆ ಗುಡಿಯೇ ಇಲ್ಲ, ಊರು ಕಟ್ಟುವಾಗ ನೆಡೋ ಕರುವುಗಲ್ಲು ಮಾತ್ರ ನಿಂತಿದೆ. ಅದರಲ್ಲೊಂದಕ್ಕೆ ಯಾರೋ ಹೊಸದಾಗಿ ಅರಿಶಿನ ಬಳಿದಿದ್ದಾರೆ.