ಸ್ಟೀರಿಂಗ್ ಪ್ಲೇ: ಸವೆದದ್ದು ಯಾವುದೆಂದು ಮೊದಲು ಹಿಡಿಯಿರಿ

ಮೂಡಿಗೆರೆ, ಕೊಪ್ಪದ ಕಡೆಯ ತೋಟದ ರಸ್ತೆಯಲ್ಲಿ ದಿನಾ ಓಡುವ ಕಾರಿನ ಸ್ಟೀರಿಂಗ್ ಹಾಳಾಗುವುದು ಹೆಚ್ಚಾಗಿ ಜಾಯಿಂಟ್‌ಗಳನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿಯುವುದರಿಂದಲೇ. ಸ್ಟೀರಿಂಗ್ ತಿರುಗಿಸಿದಂತೆ ಚಕ್ರವನ್ನು ತಿರುಗಿಸುವ ಸರಳೇ ಟೈ ರಾಡ್; ಅದರ ಹೊರತುದಿಯ ಜಾಯಿಂಟ್ ಆದ ಟೈ ರಾಡ್ ಎಂಡ್‌ನ ಬೂಟ್ ಸೀಳಿದರೆ ಕೆಸರು ನೀರು ಒಳಗಿಳಿದು ಗ್ರೀಸನ್ನು ತೊಳೆದುಬಿಡುತ್ತದೆ. ಆಮೇಲೆ ಜಾಯಿಂಟ್ ಸವೆಯಲು ಒಂದು ಮಳೆಗಾಲ ಸಾಕು. ಹಾಗಾಗಿ ಮೇ ತಿಂಗಳಲ್ಲೇ ಕಾರಿನಡಿ ಟಾರ್ಚ್ ಬಿಟ್ಟು ಬೂಟ್‌ಗಳನ್ನು ನೋಡಿ.

ಚಕ್ರ ನೇರ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಂಗನ್ನು ಬೆರಳಲ್ಲೇ ಅತ್ತಿತ್ತ ಆಡಿಸಿ. ಟೈರ್ ಅಲುಗುವ ಮೊದಲು ಸ್ಟೀರಿಂಗ್ ಅಂಚು ಸರಿಯುವ ದೂರವೇ ಪ್ಲೇ. ಬಹಳಷ್ಟು ಸಣ್ಣ ಕಾರುಗಳಲ್ಲಿ 30 ಮಿ.ಮೀ. ದಾಟಬಾರದು. ಪವರ್ ಸ್ಟೀರಿಂಗ್ ಹಗುರ ಇರುವುದರಿಂದ ಸವೆತ ಕೈಗೆ ತಡವಾಗಿ ಗೊತ್ತಾಗುತ್ತದೆ. ಮುಂದಿನ ಟೈರ್‌ನ ಒಂದೇ ಅಂಚು ಸವೆದಿದ್ದರೆ ಅನುಮಾನಪಡಿ.

ಇನ್ನು ಸಮನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕಿ ನಂಬಿ ಕಾರಿನಡಿ ನುಗ್ಗಬೇಡಿ. ಟೈರನ್ನು ಎಡ-ಬಲ ಹಿಡಿದು ಜಗ್ಗಿದಾಗ ಆಡಿದರೆ ಟೈ ರಾಡ್ ಎಂಡ್ ಇಲ್ಲವೇ ಅದೇ ಸರಳು ರ್‍ಯಾಕ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿಯುವ ಹಲ್ಲಿನ ಪಟ್ಟಿ) ಸೇರುವ ಜಾಯಿಂಟ್ ಆದ ರ್‍ಯಾಕ್ ಎಂಡ್ ಸವೆದಿದೆ. ಜಗ್ಗುವಾಗ ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟರೆ ಟಕ್ ಎನ್ನುವುದು ಯಾವುದೆಂದು ತಿಳಿಯುತ್ತದೆ. ಮೇಲೆ-ಕೆಳಗೆ ಹಿಡಿದಾಗ ಆಡಿದರೆ ಯಾರಾದರೂ ಬ್ರೇಕ್ ಒತ್ತಲಿ: ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಆಡುತ್ತಿದ್ದರೆ ಆ ಕಾರನ್ನು ಚಾರ್ಮಾಡಿಗಾಗಲಿ ಶಿರಾಡಿಗಾಗಲಿ ಇಳಿಸಬೇಡಿ. ಅದು ಕಳಚಿದರೆ ಚಕ್ರ ಹೊರಕ್ಕೆ ಮಗುಚುತ್ತದೆ, ಸ್ಟೀರಿಂಗ್ ಕೈಗೆ ಸಿಗುವುದಿಲ್ಲ.

ಪ್ಲೇ ಇದೆ ಎಂದ ಕೂಡಲೇ ‘ರ್‍ಯಾಕ್ ಟೈಟ್’ ಮಾಡಿಕೊಡುವ ಅಭ್ಯಾಸವಿದೆಯಲ್ಲ, ಅದಕ್ಕೆ ಒಪ್ಪಬೇಡಿ. ರ್‍ಯಾಕ್ ಹೆಚ್ಚು ಸವೆಯುವುದು ನಡುವಿನಲ್ಲಿ. ಅಲ್ಲಿಗೆ ಸರಿಯಾಗುವಷ್ಟು ಬಿಗಿ ಮಾಡಿದರೆ ಸವೆಯದ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ, ಹೇರ್‌ಪಿನ್ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸವೆದ ಜಾಯಿಂಟ್‌ಗೆ ಸಿರಿಂಜ್‌ನಲ್ಲಿ ಗ್ರೀಸ್ ತುಂಬಿದರೆ ಸದ್ದು ಅಡಗುತ್ತದೆ, ಸವೆತ ಹಾಗೇ ಇರುತ್ತದೆ.

ಟೈ ರಾಡ್ ಎಂಡ್ ಬದಲಿಸುವುದು ಕಷ್ಟವಲ್ಲ. ಎಂಡ್ ತಿರುಗದಂತೆ ಹಿಡಿದಿರುವ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಅದಿದ್ದ ಜಾಗಕ್ಕೆ ಪೇಂಟ್ ಗುರುತು ಹಾಕಿ. ಜಾಯಿಂಟ್‌ನ ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಎಳೆದು, ಆ ನಟ್ ಬಿಚ್ಚಿ, ಪುಲ್ಲರ್‌ನಿಂದ ಎಂಡ್ ಬಿಡಿಸಿ. ಪುಲ್ಲರ್ ಇಲ್ಲದಿದ್ದರೆ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಹಾಗೇ ಬಿಟ್ಟು, ನಕಲ್‌ನಲ್ಲಿ (ಚಕ್ರವನ್ನು ಹಿಡಿದಿರುವ ಲೋಹದ ಭಾಗ) ಎಂಡ್ ಕೂತಿರುವ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ. ಥ್ರೆಡ್ ಮೇಲೆ ಹೊಡೆದರೆ ನಟ್ ಮತ್ತೆ ಕೂರುವುದಿಲ್ಲ. ಎಂಡ್ ತಿರುಗಿಸಿ ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ನಟ್ಟನ್ನು ಸರ್ವಿಸ್ ಮ್ಯಾನುಯಲ್ ಹೇಳುವಷ್ಟು ಟಾರ್ಕ್‌ಗೆ ಬಿಗಿಯಿರಿ. ಪಿನ್ ತೂತು ಎದುರಾಗದಿದ್ದರೆ ಇನ್ನಷ್ಟು ಬಿಗಿ ಮಾಡಿ ಕೂಡಿಸಬೇಕು, ಸಡಿಲಿಸಿಯಲ್ಲ. ಪಿನ್ ಹೊಸದೇ ಇರಲಿ; ನೈಲಾನ್ ನಟ್ ಇದ್ದರೆ ಅದೂ ಹೊಸದೇ.

ರ್‍ಯಾಕ್ ಎಂಡ್, ಬಾಲ್ ಜಾಯಿಂಟ್ ಕೆಲಸ ಗ್ಯಾರೇಜ್‌ಗೆ ಬಿಡಿ.

ಎಣಿಸಿ ಹಾಕಿದ ಸುತ್ತು ಅಲೈನ್‌ಮೆಂಟ್ ಅಂಗಡಿಗೆ ಹೋಗಲಷ್ಟೇ ಸಾಕು, ಅದೇ ದಿನ ಮಾಡಿಸಿ. ಆಮೇಲೂ ಸ್ಟೀರಿಂಗ್ ಓರೆ ನಿಂತರೆ, ಅದನ್ನು ಕಳಚಿ ನೇರ ಕೂರಿಸಲು ಬಿಡಬೇಡಿ; ಎರಡೂ ಟೈ ರಾಡ್‌ಗಳ ಉದ್ದ ಸರಿದೂಗಿಸಿಯೇ ನೇರ ಮಾಡಿಸಿ.