ಹಿತ್ತಲಕ್ಕ ಬರ್ತಿದ್ದ ಗಂಡ ಬೆಕ್ಕಿನ ಕಾಟ ನಾವು ಹೆಂಗ ನಿಲ್ಲಿಸಿದ್ವಿ (ನನ್ನ ಅನುಭವ)

ಮನ್ಯಾಗ ಬೆಕ್ಕು ಸಾಕಿದವರಿಗೆ ಹೊರಗಿನ ಗಂಡ ಬೆಕ್ಕಿನ ಕಾಟ ಏನು ಅಂತ ಹೇಳೋದ ಬ್ಯಾಡ. ನಾವಿರೋದು ಧಾರವಾಡದ ಮಾಳಮಡ್ಡಿ ಕಡೆ, ಹಳೇ ಹಂಚಿನ ಮನಿ, ಹಿತ್ತಲದಾಗ ಪೇರಲ ಗಿಡ, ಆ ಗಿಡದಿಂದ ಹಂಚಿನ ಮ್ಯಾಲೆ, ಅಲ್ಲಿಂದ ನಮ್ಮ ಬಚ್ಚಲ ಕಿಟಕಿಗೆ ಬರೋದು ಅದಕ್ಕ ಸಲೀಸು. ಓಡಿಸಿದ್ರ ಇದು ನಿಲ್ಲೋದಿಲ್ಲ, ಹಿಡದು ಮರಿ ಆಗದಂಗ ಆಪರೇಷನ್ ಮಾಡಿಸಿ ಅದ ಓಣಿಗೆ ವಾಪಸ್ ಬಿಟ್ರನ ನಿಲ್ಲೋದು ಅಂತ ನನ್ನ ಅನುಭವದ ಮ್ಯಾಲೆ ಹೇಳ್ತೀನಿ.

ನಮ್ಮವು ಎರಡು, ಚಿನ್ನಿ ಮತ್ತ ಅಕಿ ಮಗ ಕರಿಯಾ. ಇಬ್ಬರಿಗೂ ಆಪರೇಷನ್ ಆಗ್ಯಾದ, ಆದ್ರೂ ಅದು ಬರ್ತಿತ್ತು, ಯಾಕಂದ್ರ ಬಾಜೂಕಿನ ದನದ ಕೊಟ್ಟಿಗ್ಯಾಗ ಒಂದು ಹೆಣ್ಣ ಬೆಕ್ಕು ಇತ್ತು, ಹೆಣ್ಣು ಬೆದಿಗೆ ಬಂತು ಅಂದ್ರ ಅದರ ವಾಸನೀಗೂ ಕೂಗಿಗೂ ಗಂಡು ಭಾಳ ದೂರದಿಂದ ಹುಡುಕ್ಕೊಂಡು ಬರ್ತದ, ಬಂದಮ್ಯಾಲೆ ಸುತ್ತಲಿನ ಎಲ್ಲಾ ಮನಿನೂ ತಂದ ಅಂತ ತಿಳ್ಕೋತದ. ಓಣ್ಯಾಗ ಎಲ್ಲಾರೂ ಅದಕ್ಕ ಪೈಲ್ವಾನ ಅಂತಿದ್ರು. ಅಗಲ ಮಾರಿ, ದಪ್ಪ ಗಲ್ಲ, ಕಿವಿ ತುಂಬ ಹಳೇ ಗಾಯದ ಕಲಿ. ಈ ದಪ್ಪ ಗಲ್ಲ ನೋಡೇನ ಅರ್ಧ ಗೊತ್ತಾಗ್ತದ, ಆಪರೇಷನ್ ಆಗದ ದೊಡ್ಡ ಗಂಡಿಗೆ ಹಾರ್ಮೋನಿನಿಂದ ಗಲ್ಲ ಹಂಗ ತುಂಬ್ಕೋತಾವ. ಇನ್ನೂ ಅನುಮಾನ ಇದ್ರ ಬಾಲಾ ಎತ್ತಿದಾಗ ಹಿಂದಿಂದ ನೋಡ್ರಿ, ಎರಡು ಗುಂಡು ಕಾಣಸ್ತಾವ.

ಕರಿಯಾನ ಗಾಯ ನೋಡಿದ ಮ್ಯಾಲೆ ನಾ ಸುಮ್ಮನ ಕೂಡಲಿಲ್ಲ. ಬಾಲದ ಬುಡದಾಗ ಪೈಲ್ವಾನ ಕಚ್ಚಿತ್ತು, ಮ್ಯಾಲೆ ನೋಡಿದ್ರ ಕೂದಲಾಗ ಎರಡು ಸೂಜಿ ಚುಚ್ಚಿದಷ್ಟ ತೂತು, ರಕ್ತಾನೂ ಇಲ್ಲ. ಬೆಕ್ಕಿನ ಹಲ್ಲಿನ ಗಾಯ ಹಂಗ, ಚರ್ಮ ಲಗೂನ ಮುಚ್ಕೋತದ, ಒಳಗ ಹೊಲಸು ಉಳೀತದ. ಆಮ್ಯಾಲೆ ಊಟಾ ಬಿಟ್ಟ, ಮೈ ಕಾವು, ಮುಟ್ಟಿದ್ರ ಚೀರ್ತಿದ್ದ, ಲಿಂಬಿಹಣ್ಣಿನಷ್ಟು ಗಡ್ಡಿ ಆಗಿ ಕೀವು ತುಂಬಿತ್ತು. ಡಾಕ್ಟರ್ ಕೂದಲಾ ಬೋಳಿಸಿ, ಕೊಯ್ದು, ತೊಳದು ಆಂಟಿಬಯೋಟಿಕ್ ಕೊಟ್ರು. ಇಲ್ಲೊಂದು ಮಾತು ಕೈ ಮುಗದು ಹೇಳ್ತೀನಿ, ಜ್ವರಾ ಅದ ಅಂತ ಮನ್ಯಾಗಿನ ಪ್ಯಾರಾಸಿಟಮಾಲ್ ಗುಳಿಗಿ ಬೆಕ್ಕಿಗೆ ಎಂದೂ ಕೊಡಬ್ಯಾಡ್ರಿ. ಬೆಕ್ಕಿನ ಲಿವರ್‌ಗೆ ಅದನ್ನ ಕರಗಿಸಿ ಹೊರಗ ಹಾಕೋ ಶಕ್ತಿ ಇಲ್ಲ, ಅರ್ಧ ಗುಳಿಗೀನೂ ಜೀವಾ ತಗೋತದ.

ಜಗಳದಾಗ ಬರೇ ಗಾಯ ಅಲ್ಲ, ಎಫ್‌ಐವಿ ಅನ್ನೋ, ಬೆಕ್ಕಿನ ರೋಗ ತಡಿಯೋ ಶಕ್ತಿ ಕುಂದಿಸೋ ವೈರಸ್ ಮುಖ್ಯವಾಗಿ ಕಚ್ಚೋದ್ರಿಂದನ ಒಂದರಿಂದ ಇನ್ನೊಂದಕ್ಕ ಹೋಗೋದು. ಅದು ಮನಷ್ಯಾರಿಗೆ ಬರೋದಿಲ್ಲ, ಆ ಚಿಂತಿ ಬ್ಯಾಡ. ಆದ್ರ ರೇಬಿಸ್ ಬರ್ತದ, ಅದಕ್ಕ ನಮ್ಮವಕ್ಕ ವರ್ಷಾ ರೇಬಿಸ್ ಇಂಜೆಕ್ಷನ್, ಅದರ ಜೋಡಿ ಟ್ರೈಕ್ಯಾಟ್ (ಬೆಕ್ಕಿನ ಮೂರು ರೋಗ ತಡಿಯೋ ಲಸಿಕಿ) ತಪ್ಪಿಸೋದಿಲ್ಲ. ಜಗಳಾ ಬಿಡಸ್ಲಿಕ್ಕೆ ನಡುವ ಕೈ ಹಾಕಬ್ಯಾಡ್ರಿ, ಒಂದು ತಂಬಿಗಿ ನೀರು ಗೊಜ್ಜಿದ್ರ ಸಾಕು. ನಿಮಗ ಪರಚಿದ್ರ, ಕಚ್ಚಿದ್ರ, ಹರಿಯೋ ನೀರಾಗ ಸಾಬಾಣ ಹಚ್ಚಿ 15 ನಿಮಿಷ ತೊಳದು ಅವತ್ತ ದವಾಖಾನಿಗೆ ಹೋಗ್ರಿ, ಅರಿಷಿಣ ಸುಣ್ಣ ಹಚ್ಚಿ ಕೂಡಬ್ಯಾಡ್ರಿ.

ಬಾಜೂ ಮನಿ ಕಾಕು ಹೇಳಿದ್ರು, "ಏ ತಂಗಿ, ಒಂದು ಗೋಣಿಚೀಲದಾಗ ಹಾಕಿ ಕೆಲಗೇರಿ ಕೆರಿ ಕಡೆ ಬಿಟ್ಟು ಬರ್ರಿ, ಕಾಟ ಹೋಗ್ತದ." ನಾ ಅಂದೆ, "ಬ್ಯಾಡ್ರಿ ಕಾಕು, ಅದು ಅಲ್ಲಿ ಊಟಾ ಇಲ್ದ ಸಾಯ್ತದ, ಇಲ್ಲಿ ಖಾಲಿ ಆದ ಜಾಗಾಕ್ಕ ಇನ್ನೊಂದು ಬರ್ತದ, ಮತ್ತ ಮೊದಲಿಂದ ಜಗಳಾ." ಇದು ಖರೇನ, ತಿನಸು ಮತ್ತ ಹೆಣ್ಣ ಬೆಕ್ಕು ಇರೋ ತನಕ ಆ ಜಾಗಾ ಖಾಲಿ ಉಳಿಯೋದಿಲ್ಲ. ವಿಷಾ ಇಡೋದು, ಕಲ್ಲು ಹೊಡೆಯೋದಂತೂ 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆದಾಗ ಅಪರಾಧ, ಅದಕ್ಕಿಂತ ಮೊದಲ ಮನಸ್ಸಿಗೇ ಬರಬಾರದು.

ಮೊದಲನೇ ಕೆಲಸ ಊಟದ ತಾಟು. ಇಡೀ ರಾತ್ರಿ ಹಿತ್ತಲದಾಗ ಹಾಲು ಅನ್ನ ಇಡೋದು ಬಂದ್ ಮಾಡಿದ್ವಿ, ನಮ್ಮವಕ್ಕ ಒಳಗ ಹಾಕೋದು, ಕತ್ತಲಾದ ಮ್ಯಾಲೆ ಹೊರಗ ಬಿಡೋದಿಲ್ಲ. ಬಚ್ಚಲ ಕಿಟಕಿಗೆ ಜಾಳಿಗಿ ಹೊಡಿಸಿದ್ವಿ, ಸೊಳ್ಳಿ ಪರದೆ ಅಲ್ಲ, ಕಬ್ಬಿಣದ ಜಾಳಿಗಿ. ಪೈಲ್ವಾನಗ ಮಾತ್ರ ಹಿತ್ತಲದ ಮೂಲ್ಯಾಗ ದಿನಾ ಸಂಜೀಕ ಒಂದ ಟೈಮಿಗೆ ಹಾಕ್ಲಿಕ್ಕೆ ಶುರು ಮಾಡಿದೆ. ಮನಿಯವರು ಬೈದ್ರು, ಓಡಿಸೋದು ಬಿಟ್ಟು ಊಟಾ ಹಾಕ್ತೀಯಲ್ಲ ಅಂತ. ಆದ್ರ ಟೈಮಿಗೆ ಬರೋ ಬೆಕ್ಕನ್ನ ಹಿಡೀಬಹುದು, ಯಾವಾಗರ ಬರೋ ಬೆಕ್ಕನ್ನ ಹಿಡೀಲಿಕ್ಕೆ ಆಗೋದಿಲ್ಲ.

ಎರಡನೇದು ವಾಸನಿ. ಬಾಲಾ ನೆಟ್ಟಗ ಎತ್ತಿ, ತುದಿ ನಡುಗಿಸ್ಕೋತ ಗ್ವಾಡಿಗೆ ಉಚ್ಚಿ ಸಿಡಿಸ್ತಿತ್ತು, ಬಾಗಲಾ, ತುಳಸಿಕಟ್ಟಿ, ಸ್ಕೂಟರಿನ ಗಾಲಿ ಏನೂ ಬಿಟ್ಟಿಲ್ಲ. ಮಂದಿ ತಕ್ಷಣ ಫಿನಾಯಿಲ್ ಹಾಕ್ತಾರ, ಬೆಕ್ಕಿದ್ದ ಮನ್ಯಾಗ ಅದು ಬ್ಯಾಡ, ಅದರಾಗಿನ ಫಿನಾಲು ಕಾಲಿಗೆ ಹತ್ತಿ, ನೆಕ್ಕಿ ಹೊಟ್ಟಿಗೆ ಹೋದ್ರ ವಿಷಾ. ಡಾಂಬರ ಗುಳಿಗೀನೂ ಹಂಗ. ಬ್ಲೀಚಿಂಗ್ ಅಂತೂ ಉಚ್ಚಿ ಮ್ಯಾಲೆ ಹಾಕಿದ್ರ ಗ್ಯಾಸ್ ಏಳ್ತದ, ಕಣ್ಣು ಗಂಟಲಾ ಉರೀತಾವ. ನಾವು ಮೊದಲ ಬರೇ ನೀರು ಹಾಕಿ ತೊಳದು, ಪೆಟ್ ಶಾಪಿನಾಗ ಸಿಗೋ, ಉಚ್ಚಿ ವಾಸನಿ ತೆಗೆಯೋ ಎಂಜೈಮ್ ಕ್ಲೀನರ್ ಹೊಡದು, ಒರಸದ ತಾನಾಗೇ ಒಣಗ್ಲಿಕ್ಕೆ ಬಿಟ್ವಿ. ಹಳೇ ಗಾರೆ ಗ್ವಾಡಿ ಹೀರ್ಕೊಂಡಿರ್ತದ, ಒಂದ ಸಲಕ್ಕ ಹೋಗೋದಿಲ್ಲ. ವಾಸನಿ ಉಳದ್ರ ಅದ ಜಾಗಾಕ್ಕ ಬಂದು ಮತ್ತ ಸಿಡಿಸ್ತದ.

ಇನ್ನ ಹಿಡಿಯೋದು. ಇಲಿ ಬೋನಿನಂಥದ್ದನ್ನ ದೊಡ್ಡದು ಮಾಡಿ ವೆಲ್ಡಿಂಗ್ ಅಂಗಡ್ಯಾಗ ಮಾಡಿಸಿದ್ವಿ, ಬೆಕ್ಕು ಒಳಗ ಹೊಳ್ಳೋವಷ್ಟು ಅಗಲ, ಹಿಂದ ತುಳಿಯೋ ಪಟ್ಟಿ, ತುಳದ್ರ ಮುಂದಿನ ಬಾಗಲಾ ಬೀಳ್ತದ. ಬಾಗಲದ ತುದಿಗೆ ಹಳೇ ಬಟ್ಟಿ ಸುತ್ತಿಸಿದೆ, ಬಾಲಕ್ಕ ಪೆಟ್ಟಾಗಬಾರದು. ಮೊದಮೊದಲ ಬೋನು ಹಚ್ಚಲಿಲ್ಲ, ಬಾಗಲಾ ಹಗ್ಗದಿಂದ ಮ್ಯಾಲೆ ಕಟ್ಟಿ, ಒಳಗ ಪೇಪರ್ ಹಾಸಿ, ಊಟಾ ಬೋನಿನ ಬಾಯಾಗ ಇಟ್ಟು, ಆಮ್ಯಾಲೆ ದಿನಾ ಒಂಚೂರು ಒಳಗ ಸರಿಸ್ಕೋತ ಹೋದೆ. ಅದು ಅರಾಮಾಗಿ ಒಳಗ ಹೋಗಿ ಬೆನ್ನ ತಿರುಗಿಸಿ ತಿನ್ಲಿಕ್ಕೆ ಶುರು ಮಾಡಿದ ಮ್ಯಾಲೇನ ಹಗ್ಗ ಬಿಚ್ಚಿದ್ದು. ಅವತ್ತು ಒಣ ಮೀನ ಇಟ್ಟಿದ್ದೆ. ಬಾಗಲಾ ಬಿದ್ದ ಕೂಡ್ಲೆ ಬೋನು ನೆಲದ ಮ್ಯಾಲೆ ಜಿಗದಾಡಿತು, ದಪ್ಪ ಚಾದರ ಹೊಚ್ಚಿದೆ, ಕತ್ತಲಾತು, ಗಪ್ಪಾತು. ಚಾದರ ಕೈಯಾಗ ಹಿಡಕೊಂಡೇ ಕಾಯಬೇಕು, ಇಲ್ಲಂದ್ರ ಮಾರಿ ತಂತಿಗೆ ಬಡದು ರಕ್ತಾ ಮಾಡ್ಕೋತದ.

ಡಾಕ್ಟರ್‌ಗೆ ಮೊದಲ ಹೇಳಿ ಇಟ್ಟಿದ್ವಿ, ಅದು ಭಾಳ ಮುಖ್ಯ. ಬೀದಿ ಬೆಕ್ಕು, ಬೋನಿನಾಗಿಂದನ ಅನಸ್ತೀಸಿಯಾ ಕೊಡಬೇಕು ಅಂತ ತಿಳಿಸಬೇಕು, ಎಲ್ಲಾರೂ ತಗೊಳ್ಳೋದಿಲ್ಲ. ಆಪರೇಷನ್ ಜೋಡಿನ ರೇಬಿಸ್ ಇಂಜೆಕ್ಷನ್ ಹಾಕಿಸಿ, ಎಡಗಿವಿ ತುದಿ ಕತ್ತರಿಸ್ಲಿಕ್ಕೆ ಹೇಳಿದ್ವಿ. ಮೈ ಮರತಾಗ ಮಾಡ್ತಾರ, ನೋವಾಗೋದಿಲ್ಲ, ಇದಕ್ಕ ಆಪರೇಷನ್ ಆಗ್ಯಾದ ಅಂತ ದೂರದಿಂದನ ಗೊತ್ತಾಗ್ತದ, ಇನ್ನೊಮ್ಮೆ ಯಾರೂ ಹಿಡಿಯೋದಿಲ್ಲ. ಗಂಡಿಗೆ ಹೊಟ್ಟಿ ಕೊಯ್ಯೋದಿಲ್ಲ, ಸಣ್ಣ ಗಾಯ, ರಾತ್ರಿ ನಮ್ಮ ಸ್ಟೋರ್ ರೂಮಿನಾಗ ಇಟ್ಕೊಂಡು, ಪೂರ್ತಿ ಎಚ್ಚರಾಗಿ ಊಟಾ ಮಾಡಿದ್ದು ನೋಡಿ ಮರುದಿನ ಅದ ಹಿತ್ತಲದಾಗ ಬಿಟ್ವಿ.

ಮರುದಿನಾನ ಬದಲಾಗ್ತದ ಅಂತ ತಿಳ್ಕೋಬ್ಯಾಡ್ರಿ. ಹಾರ್ಮೋನು ಮೈಯಾಗಿಂದ ಇಳೀಲಿಕ್ಕೆ ಕೆಲವು ವಾರ ಬೇಕು, ಅಲ್ಲಿತನಕ ಸಿಡಿಸ್ತದ, ಕೂಗ್ತದ, ಹೆಣ್ಣಿಗೆ ಬಸರೂ ಮಾಡಬಹುದು. ನಾವು ಅಷ್ಟು ದಿನ ಕರಿಯಾನ್ನ ಒಳಗ ಇಟ್ವಿ. ಆಮ್ಯಾಲೆ ಮೊದಲ ಗ್ವಾಡಿ ವಾಸನಿ ಕಡಿಮಿ ಆತು, ರಾತ್ರಿ ಕೂಗಾಟ ನಿಂತ್ತು, ಗಲ್ಲಾನೂ ಚೂರು ಇಳದ್ವು. ಈಗ್ಲೂ ಬರ್ತದ, ಕಂಪೌಂಡ್ ಮ್ಯಾಲೆ ಕೂಡ್ತದ, ಕರಿಯಾ ಕೆಳಗ ಬಿಸಲಾಗ ಮಲಗಿರ್ತಾನ, ಒಬ್ಬರಿಗೊಬ್ಬರು ಗುರ್ ಅಂತಾರ, ಅಷ್ಟ.

ಕೊಟ್ಟಿಗಿ ಹೆಣ್ಣಿಂದೂ ಮುಗಿಸೋದು ಬೇಕಾಗಿತ್ತು, ಇಲ್ಲಂದ್ರ ಮಾಡಿದ್ದೆಲ್ಲಾ ಅರ್ಧ. ಹೆಣ್ಣ ಬೆಕ್ಕು ಸುಮಾರು 63 ದಿನಕ್ಕ ಈಯ್ತದ, ಮರಿ ಹಾಲು ಕುಡಿಯೋವಾಗನ ಮತ್ತ ಬೆದಿಗೆ ಬರಬಹುದು. ಅದಕ್ಕ ಮರಿ ಇದ್ದಾವೇನು ಅಂತ ಮೊದಲ ಹುಡುಕಿ ನೋಡಿ, ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಅದ ಬೋನಿನಾಗ ಹಿಡಿದ್ವಿ. ಅದಕ್ಕ ಹೊಟ್ಟಿ ಕೊಯ್ಯೋದು, ಆರೈಕಿ ಹೆಚ್ಚು ದಿನ ಬೇಕು. ಕೊಟ್ಟಿಗಿ ಅಜ್ಜಾರು ಅರ್ಧ ರೊಕ್ಕಾ ತಾವ ಕೊಟ್ರು, ಅಷ್ಟು ದಿನ ಹಾಲಿನ ಊಟಾನೂ ಅವರದ. ಬೋನು ಈಗ ಹಿಂದಿನ ಓಣ್ಯಾಗ ಒಬ್ಬರು ಒಯ್ದಾರ, ಅವರ ಮನಿ ಮೊಲಕ್ಕ ಕಾಟ ಕೊಡೋದು ಒಂದು ಕೆಂಪ ಗಂಡ ಬೆಕ್ಕು, ಅದನ್ನ ಇನ್ನೂ ಟೈಮಿಗೆ ಊಟಕ್ಕ ಹೊಂದಿಸ್ಲಿಕ್ಕೆ ಹತ್ಯಾರ.